8 ದಿನದ ಜಾತ್ರೆ, 37 ದಿನದ ಲೆಕ್ಕ: ಬ್ರಾಕ್‌ವೆಲ್ ಪಾರ್ಕ್ ಪ್ರಕರಣ

ದಕ್ಷಿಣ ಲಂಡನ್ನಿನ ಒಂದು ಪಾರ್ಕಿನ ವಿಚಾರವಾಗಿ 2025ರ ಮೇ 16ರಂದು ಅಲ್ಲಿನ ಹೈಕೋರ್ಟ್ ತೀರ್ಪು ಕೊಟ್ಟಿತು. ಪಾರ್ಕಿನಲ್ಲಿ ನಡೆಯಬೇಕಿದ್ದ ಸಂಗೀತೋತ್ಸವಗಳಿಗೆ, ಇವು ಕಾನೂನುಬದ್ಧ ಎಂದು ಸ್ಥಳೀಯ ಕೌನ್ಸಿಲ್ ಕೊಟ್ಟಿದ್ದ ಪ್ರಮಾಣಪತ್ರ ರದ್ದಾಯಿತು. ಕೋರ್ಟಿಗೆ ಹೋಗಿದ್ದ ನಿವಾಸಿಗಳು ಗೆದ್ದರು. ಅದಾದ ಒಂದೇ ವಾರಕ್ಕೆ, ಮೇ 23ರಂದು, ಅದೇ ಪಾರ್ಕಿನಲ್ಲಿ ಅದೇ ಉತ್ಸವ ಶುರುವಾಯಿತು. ಟಿಕೆಟ್ ಕೊಂಡವರು ಬಂದರು, ಕುಣಿದರು, ಹೋದರು.

ಕೇಸ್ ಗೆದ್ದವರ ಕೈಗೆ ಏನೂ ಸಿಗಲಿಲ್ಲವಲ್ಲ, ಇದು ಹೇಗೆ? ಹೊರಗಿನಿಂದ ನೋಡಿದವರಿಗೆ ಇದು ಗದ್ದಲದ ಜಗಳ. ಒಳಹೊಕ್ಕು ನೋಡಿದರೆ ಎಲ್ಲಿ ಕೈ ಇಟ್ಟರೂ ಎಣಿಕೆಯ ಜಗಳವೇ ಸಿಗುತ್ತದೆ. ಯಾವ ದಿನ ಲೆಕ್ಕಕ್ಕೆ ಬರುತ್ತದೆ, ಯಾವ ಶಬ್ದ ಬರುತ್ತದೆ, ಯಾವ ಹಾನಿ ಬರುತ್ತದೆ ಎನ್ನುವ ಜಗಳ.

ಪಾರ್ಕು ಯಾರದು

ಬ್ರಾಕ್‌ವೆಲ್ ಪಾರ್ಕ್ ಇರುವುದು ಲ್ಯಾಂಬೆತ್ ಆಡಳಿತ ಪ್ರದೇಶದಲ್ಲಿ. ಒಂದು ಕಡೆ ಬ್ರಿಕ್ಸ್‌ಟನ್, ಇನ್ನೊಂದು ಕಡೆ ಹರ್ನ್ ಹಿಲ್, ಮತ್ತೊಂದು ಕಡೆ ಟಲ್ಸ್ ಹಿಲ್. ವಿಸ್ತೀರ್ಣ ಸುಮಾರು 125 ಎಕರೆ. ಗುಡ್ಡದ ಮೇಲೆ 1811-13ರಲ್ಲಿ ಒಬ್ಬ ಗಾಜಿನ ವ್ಯಾಪಾರಿಗಾಗಿ ಕಟ್ಟಿದ ಬ್ರಾಕ್‌ವೆಲ್ ಹಾಲ್ ಇದೆ. ಕೆಳಗೆ 1937ರ ತೆರೆದ ಈಜುಕೊಳ ಇದೆ. ಗೋಡೆ ಸುತ್ತಿದ ಹೂದೋಟ, ಹಳೆಯ ಓಕ್ ಮರಗಳು ಇವೆ. ಇಂಗ್ಲೆಂಡಿನ ಐತಿಹಾಸಿಕ ಉದ್ಯಾನಗಳ ಪಟ್ಟಿಯಲ್ಲೂ ಇದರ ಹೆಸರಿದೆ.

ಇದು ಸಾರ್ವಜನಿಕರದ್ದಾದ ಕಥೆ ಕೇಳಿದರೆ ಈಗಿನವರ ಹಟ ಸ್ವಲ್ಪ ಅರ್ಥವಾಗುತ್ತದೆ. ಖಾಸಗಿ ಎಸ್ಟೇಟ್ ಆಗಿದ್ದ ಈ ಜಾಗವನ್ನು ಜನರಿಗೆ ಕೊಡಿಸಲು ಓಡಾಡಿದವರಲ್ಲಿ ಮುಖ್ಯರು ನಾರ್ವುಡ್ ಸಂಸದ ಥಾಮಸ್ ಲಿನ್ ಬ್ರಿಸ್ಟೋ. 1892ರ ಜೂನ್ 6ರಂದು ಪಾರ್ಕ್ ತೆರೆಯಿತು. ಆ ಸಮಾರಂಭ ಮುಗಿಯುತ್ತಿದ್ದಂತೆ ಬ್ರಿಸ್ಟೋ ಅಲ್ಲೇ ಕುಸಿದು ತೀರಿಕೊಂಡರು. ಸುತ್ತಲಿನವರು ಈ ಕಥೆಯನ್ನು ಇವತ್ತಿಗೂ ಹೇಳುತ್ತಾರೆ. ಸುಮ್ನೆ ಸಿಕ್ಕ ಜಾಗ ಇದಲ್ಲ ಎನ್ನುವುದು ಅವರ ಮಾತಿನ ಧಾಟಿ.

ಹಾಗಂತ ಇದು ಸದ್ದೇ ಇಲ್ಲದ ಪಾರ್ಕೂ ಅಲ್ಲ. 1978ರ ಸೆಪ್ಟೆಂಬರಿನಲ್ಲಿ ಜನಾಂಗೀಯ ದ್ವೇಷದ ವಿರುದ್ಧ ನಡೆದ ದೊಡ್ಡ ಸಂಗೀತ ಮೇಳ ಇಲ್ಲೇ ಆಗಿದ್ದು. 1974ರಿಂದ ಲ್ಯಾಂಬೆತ್ ಕಂಟ್ರಿ ಶೋ ಎನ್ನುವ ಎರಡು ದಿನದ ಜಾತ್ರೆ ನಡೆಯುತ್ತಾ ಬಂದಿದೆ. ತರಕಾರಿಯಲ್ಲಿ ಕೆತ್ತಿದ ಗೊಂಬೆಗಳು, ಕುರಿಯ ಉಣ್ಣೆ ಕತ್ತರಿಸುವ ಪ್ರದರ್ಶನ, ರೆಗೆ ಸಂಗೀತ, ಎಲ್ಲ ಒಟ್ಟಿಗೆ. ಪ್ರವೇಶ ಉಚಿತ. ಈಗ ಉತ್ಸವಗಳನ್ನು ವಿರೋಧಿಸುವ ಬಹಳಷ್ಟು ಜನ ಈ ಜಾತ್ರೆಗೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದವರೇ.

ಬದಲಾವಣೆ ಬಂದಿದ್ದು ಕಳೆದ ದಶಕದಲ್ಲಿ. 2018ರಲ್ಲಿ ಫೀಲ್ಡ್ ಡೇ, ಮೈಟಿ ಹೂಪ್ಲಾ ಎನ್ನುವ ಟಿಕೆಟ್ ಉತ್ಸವಗಳು ಪೂರ್ವ ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಿಂದ ಇಲ್ಲಿಗೆ ಬಂದವು. ಆಮೇಲೆ ಒಂದೊಂದೇ ಸೇರಿಕೊಂಡು, ಬೇಸಿಗೆಯ ಆರಂಭದಲ್ಲಿ ಸಾಲುಸಾಲಾಗಿ ನಡೆಯುವ ಉತ್ಸವಗಳ ಗುಚ್ಛಕ್ಕೆ ಬ್ರಾಕ್‌ವೆಲ್ ಲೈವ್ ಎಂಬ ಹೆಸರು ಬಂತು. 2025ರ ಪಟ್ಟಿ ನೋಡಿ. ಮೇ 23ಕ್ಕೆ ವೈಡ್ ಅವೇಕ್, 24ಕ್ಕೆ ಫೀಲ್ಡ್ ಡೇ, 25ಕ್ಕೆ ಕ್ರಾಸ್ ದ ಟ್ರ್ಯಾಕ್ಸ್, 26ಕ್ಕೆ ಸಿಟಿ ಸ್ಪ್ಲಾಶ್. ಮೇ 31 ಮತ್ತು ಜೂನ್ 1ಕ್ಕೆ ಮೈಟಿ ಹೂಪ್ಲಾ. ಕೊನೆಗೆ ಜೂನ್ 7 ಮತ್ತು 8ಕ್ಕೆ ಉಚಿತ ಕಂಟ್ರಿ ಶೋ. ಟಿಕೆಟ್ಟಿನ ದಿನ 6, ಉಚಿತ ದಿನ 2. ಒಟ್ಟು 8.

ವರ್ಷದ 365 ದಿನದಲ್ಲಿ 8 ದಿನ. ಇದಕ್ಕೆ ಕೋರ್ಟಿನವರೆಗೂ ಹೋಗಬೇಕಿತ್ತಾ? ಆಯೋಜಕರ ಪರ ಮಾತಾಡುವವರು ಕೇಳುವುದು ಇದನ್ನೇ.

ಹಾಡು ನಿಂತ ದಿನಗಳೂ ಇವೆ

ಮದುವೆ ಒಂದು ದಿನದ್ದಾದರೂ ಚಪ್ಪರ ಹಾಕಿ ತೆಗೆಯುವ ದಿನಗಳನ್ನು ಯಾರೂ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದಿಲ್ಲ. ಇಲ್ಲೂ ಅದೇ ಕಥೆ. ದಿನಕ್ಕೆ ಹತ್ತಾರು ಸಾವಿರ ಜನ ಸೇರುವ ಉತ್ಸವಕ್ಕೆ ಮೊದಲು ನೆಲದ ಮೇಲೆ ಲೋಹದ ಹಾಸು ಬರುತ್ತದೆ. ಅದರ ಮೇಲೆ ಟ್ರಕ್, ಕ್ರೇನ್, ಫೋರ್ಕ್‌ಲಿಫ್ಟ್. ನಂತರ ಸುತ್ತಲೂ ಆಳೆತ್ತರ ಮೀರಿದ, ಒಳಗಿನದು ಕಾಣದಂಥ ಗೋಡೆ. ಆಮೇಲೆ ಸ್ಟೇಜ್, ಜನರೇಟರ್, ನೀರಿನ ಟ್ಯಾಂಕ್, ಸಾಲು ಶೌಚಾಲಯ. ಹಾಡು ಮುಗಿದ ಮೇಲೆ ಇದಿಷ್ಟೂ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಒಂದು ವಾರಾಂತ್ಯಕ್ಕೂ ಇನ್ನೊಂದು ವಾರಾಂತ್ಯಕ್ಕೂ ನಡುವೆ ಗೋಡೆ ಬಿಚ್ಚಿ ಮತ್ತೆ ಕಟ್ಟುವುದು ದುಬಾರಿ. ಹಾಗಾಗಿ ಅದು ಅಲ್ಲೇ ನಿಂತಿರುತ್ತದೆ.

ಈ ದಿನಗಳು ಯಾವ ಕಾಲಕ್ಕೆ ಬೀಳುತ್ತವೆ ಎನ್ನುವುದೂ ಮುಖ್ಯ. ಮೇ ಕೊನೆ, ಜೂನ್ ಮೊದಲು. ಲಂಡನ್ನಿನಲ್ಲಿ ಹುಲ್ಲು ಚಿಗುರುವ, ಹಕ್ಕಿಗಳು ಗೂಡು ಕಟ್ಟಿರುವ ಸಮಯ. ಮೇ ಕೊನೆಯ ವಾರ ಶಾಲೆಗಳಿಗೆ ರಜೆ ಬೇರೆ. ಸುತ್ತಲಿನ ಫ್ಲಾಟ್‌ಗಳಲ್ಲಿ ಇರುವ ಎಷ್ಟೋ ಮನೆಗಳಿಗೆ ಅಂಗಳ ಎಂದರೆ ಈ ಪಾರ್ಕೇ. ಮಕ್ಕಳಿಗೆ ರಜೆ ಸಿಕ್ಕ ವಾರವೇ ಅಂಗಳದ ಒಂದು ದೊಡ್ಡ ಪಾಲು ಗೋಡೆಯ ಆಚೆ ಇರುತ್ತದೆ. ನನ್ನ ಮಟ್ಟಿಗೆ ನಿವಾಸಿಗಳ ದೂರುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಇದು. ಗದ್ದಲದ ದೂರಿಗೆ ಜಾಸ್ತಿ ಪ್ರಚಾರ ಸಿಗುತ್ತದೆ, ಅಷ್ಟೇ.

ಇನ್ನು ನೆಲ. ಈ ಗುಡ್ಡದ ಮಣ್ಣು ಲಂಡನ್ ಕ್ಲೇ ಎಂದು ಕರೆಯುವ ಜೇಡಿಮಣ್ಣು. ಒಣಗಿದಾಗ ಕಲ್ಲು, ನೆನೆದಾಗ ಕೆಸರು. ನೆನೆದ ಜೇಡಿಯ ಮೇಲೆ ಭಾರದ ಗಾಡಿ ಓಡಿದರೆ ಮಣ್ಣಿನ ಕಣಗಳ ನಡುವಿನ ಸಂದುಗಳು ಮುಚ್ಚಿಹೋಗುತ್ತವೆ. ಆಮೇಲೆ ನೀರು ಇಂಗುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಮೇಲೆ ಹೊಸ ಹುಲ್ಲು ಬಿತ್ತಿದರೆ ಹಸಿರು ಕಾಣುತ್ತದೆ, ನಿಜ. ಕೆಳಗಿನ ಬಿಗಿತ ಮಾತ್ರ ಹಾಗೇ ಉಳಿಯುತ್ತದೆ. ಹುಲ್ಲಿಗಾದರೆ ಒಂದು ಋತುವಿನ ನಷ್ಟ. ಹಳೆಯ ಓಕ್ ಮರದ ಬೇರಿಗೆ ಆದ ಪೆಟ್ಟು ಎಷ್ಟೋ ವರ್ಷ ಕಳೆದ ಮೇಲೆ ತುದಿಯ ಕೊಂಬೆ ಒಣಗಿದಾಗ ಗೊತ್ತಾಗುತ್ತದೆ. ಅಷ್ಟರಲ್ಲಿ ಯಾವ ವರ್ಷದ ಯಾವ ಟ್ರಕ್ ಕಾರಣ ಎಂದು ಹೇಳುವವರು ಯಾರು?

2024ರಲ್ಲಿ ಇದೆಲ್ಲ ಕಣ್ಣೆದುರೇ ಆಯಿತು. ಆ ವರ್ಷ ಮಳೆ ಜೋರಿತ್ತು. ಟಿಕೆಟ್ಟಿನ ಉತ್ಸವಗಳು ನಡೆದವು, ನೆಲ ಕೆಸರಾಯಿತು. ಅವುಗಳ ಹಿಂದೆಯೇ ನಡೆಯಬೇಕಿದ್ದ ಉಚಿತ ಕಂಟ್ರಿ ಶೋವನ್ನು ನೆಲದ ಸ್ಥಿತಿಯ ಕಾರಣಕ್ಕೆ ರದ್ದು ಮಾಡಬೇಕಾಯಿತು. ದುಡ್ಡು ಕೊಟ್ಟವರ ಹಬ್ಬ ಆಯಿತು, ಎಲ್ಲರ ಹಬ್ಬ ಹೋಯಿತು. ಅಲ್ಲಿಯವರೆಗೆ ಸುಮ್ಮನಿದ್ದ ಬಹಳ ಜನ ತಿರುಗಿ ನಿಂತಿದ್ದು ಆಗ. ಟಿಕೆಟ್ಟಿನ ಉತ್ಸವಗಳಿಂದ ಉಚಿತ ಜಾತ್ರೆಗೆ ಆಸರೆ ಎನ್ನುವುದು ಕೌನ್ಸಿಲ್ಲಿನ ಮುಖ್ಯ ವಾದ. ಅದಕ್ಕೆ ಇದಕ್ಕಿಂತ ಕೆಟ್ಟ ಪೆಟ್ಟು ಬೇಕಿರಲಿಲ್ಲ.

ಶಬ್ದದ ಲೆಕ್ಕ

ಬ್ರಿಟನ್ನಿನಲ್ಲಿ ಬಯಲು ಸಂಗೀತ ಕಾರ್ಯಕ್ರಮಗಳಿಗೆ ವರ್ಷಾನುಗಟ್ಟಲೆ ಬಳಸುತ್ತಾ ಬಂದಿರುವ ಮಾರ್ಗಸೂಚಿ ನಾಯ್ಸ್ ಕೌನ್ಸಿಲ್ 1995ರಲ್ಲಿ ತಂದದ್ದು. ಸ್ಟೇಡಿಯಂ ಬಿಟ್ಟು ಬೇರೆ ಜಾಗಗಳಲ್ಲಿ ವರ್ಷಕ್ಕೆ 1ರಿಂದ 3 ದಿನ ಕಾರ್ಯಕ್ರಮವಾದರೆ, ಹತ್ತಿರದ ಮನೆಯ ಗೋಡೆಯಿಂದ 1 ಮೀಟರ್ ದೂರದಲ್ಲಿ 65 ಡೆಸಿಬಲ್ ದಾಟಬಾರದು. 4ರಿಂದ 12 ದಿನವಾದರೆ, ಮಾಮೂಲಿ ಹಿನ್ನೆಲೆ ಶಬ್ದಕ್ಕಿಂತ 15 ಡೆಸಿಬಲ್ಲಿಗಿಂತ ಹೆಚ್ಚಿರಬಾರದು. ಅಳೆಯುವುದು 15 ನಿಮಿಷದ ಸರಾಸರಿಯಲ್ಲಿ.

ಇದು ಮಾರ್ಗಸೂಚಿ ಮಾತ್ರ, ಕಾನೂನಲ್ಲ. ಆಯಾ ಲೈಸೆನ್ಸಿನಲ್ಲಿ ಬೇರೆ ಮಿತಿ ಹಾಕಬಹುದು.

ಅಳತೆಯಲ್ಲೇ ಒಂದು ತೊಡಕಿದೆ. ಇಲ್ಲಿ ಬಳಸುವ ಡೆಸಿಬಲ್ ಮನುಷ್ಯರ ಕಿವಿಗೆ ಹೊಂದಿಸಿದ ಎ ಮಾಪಕದ್ದು. ಕೆಳಗಿನ ಸ್ವರಗಳಿಗೆ ಅದು ತೂಕ ಕಮ್ಮಿ ಕೊಡುತ್ತದೆ. ಇವತ್ತಿನ ಉತ್ಸವದ ಜೀವಾಳವೇ ಬೇಸ್, ಅಂದರೆ ಆ ಕೆಳಗಿನ ಸ್ವರ. ಅದು ಗೋಡೆ, ಕಿಟಕಿ ದಾಟಿ ಬರುತ್ತದೆ, ದೂರ ಹೋದರೂ ಸುಲಭಕ್ಕೆ ಸಾಯುವುದಿಲ್ಲ. ಆ 1995ರ ದಾಖಲೆಯೇ ಇದನ್ನು ಒಪ್ಪಿಕೊಂಡು, ಬೇಸ್ ಇರುವ 63 ಅಥವಾ 125 ಹರ್ಟ್ಸ್ ಪಟ್ಟಿಯಲ್ಲಿ 80 ಡೆಸಿಬಲ್ ಮುಟ್ಟಿದರೆ ಜನರಿಗೆ ಗಣನೀಯ ತೊಂದರೆ ಎಂದು ಹೇಳಿದೆ. ಮನೆಯೊಳಗಿನವರು ಕಪಾಟಿನ ಬಾಗಿಲು ನಡುಗುತ್ತಿದೆ ಎಂದು ಫೋನ್ ಮಾಡುತ್ತಾರೆ. ಆ ಕಡೆಯವರು ಮೀಟರ್ ನೋಡಿ ಮಿತಿಯೊಳಗೇ ಇದೆ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಕೌನ್ಸಿಲ್ಲಿಗೆ ಯಾಕೆ ಬೇಕು

ದುಡ್ಡಿಗಾಗಿ. ಇದನ್ನು ಬೈಗುಳವಾಗಿ ಹೇಳುತ್ತಿಲ್ಲ. ಇಂಗ್ಲೆಂಡಿನಲ್ಲಿ ಪಾರ್ಕ್ ನಡೆಸುವುದು ಸ್ಥಳೀಯ ಸಂಸ್ಥೆಗಳ ಕಡ್ಡಾಯ ಕರ್ತವ್ಯವಲ್ಲ. ವೃದ್ಧರ ಆರೈಕೆ, ಮಕ್ಕಳ ರಕ್ಷಣೆ ಇವೆಲ್ಲ ಕಾನೂನಿನ ಕರ್ತವ್ಯ. ಪಾರ್ಕ್ ಬೇಕಾದರೆ ಮಾಡಬಹುದು, ಅಷ್ಟೇ. 2010ರ ನಂತರ ಕೇಂದ್ರ ಸರ್ಕಾರದ ಅನುದಾನ ಇಳಿದಾಗ ಕತ್ತರಿ ಮೊದಲು ಬಿದ್ದದ್ದು ಇಂಥವಕ್ಕೇ. 2017ರಲ್ಲಿ ಸಂಸತ್ತಿನ ಒಂದು ಸಮಿತಿ ಪಾರ್ಕುಗಳ ಸ್ಥಿತಿ ನೋಡಿ ಎಚ್ಚರಿಸಿತು. ಆದರೆ ಅದನ್ನು ಕಡ್ಡಾಯ ಕರ್ತವ್ಯ ಮಾಡಿ ಎಂದು ಹೇಳುವಷ್ಟು ದೂರ ಹೋಗಲಿಲ್ಲ. ಇಂಥ ಹೊತ್ತಲ್ಲಿ ಉತ್ಸವದ ಬಾಡಿಗೆಗೆ ಬೇಡ ಎನ್ನುವುದು ಸುಲಭವಲ್ಲ. ಲ್ಯಾಂಬೆತ್‌ನಲ್ಲಿ ಬಾಡಿಗೆಯ ಜೊತೆಗೆ, ಆಯಾ ಪಾರ್ಕಿಗೇ ವಾಪಸ್ ಹೋಗಬೇಕಾದ ಪ್ರತ್ಯೇಕ ಶುಲ್ಕವನ್ನೂ ಆಯೋಜಕರಿಂದ ತೆಗೆದುಕೊಳ್ಳುತ್ತಾರೆ.

ಕಷ್ಟ ಇರುವುದು ಬೇರೆ ಕಡೆ. ಜಾಗದ ಒಡೆಯ ಕೌನ್ಸಿಲ್. ಬಾಡಿಗೆ ಪಡೆಯುವುದು ಕೌನ್ಸಿಲ್. ಲೈಸೆನ್ಸ್ ಕೊಡುವುದು, ಪ್ಲಾನಿಂಗ್ ಅನುಮತಿ (ಜಾಗವನ್ನು ಬೇರೆ ಕೆಲಸಕ್ಕೆ ಬಳಸಲು ಬೇಕಾದ ಒಪ್ಪಿಗೆ) ಬೇಕೋ ಬೇಡವೋ ಎಂದು ನಿರ್ಧರಿಸುವುದು, ತಪ್ಪಾದರೆ ಕ್ರಮ ತೆಗೆದುಕೊಳ್ಳುವುದು, ಎಲ್ಲವೂ ಅದೇ. ಕಂಟ್ರಿ ಶೋ ನಡೆಸುವುದೂ ಅದೇ. ಪ್ರತಿ ವಿಭಾಗದಲ್ಲೂ ಪ್ರಾಮಾಣಿಕರೇ ಇದ್ದಾರೆ ಎಂದುಕೊಂಡರೂ, ಈ ವ್ಯವಸ್ಥೆಯಲ್ಲಿ ಅನುಮಾನ ಹುಟ್ಟದೆ ಇರುವುದಿಲ್ಲ.

ಉತ್ಸವದ ಪರ ಇರುವವರೆಲ್ಲ ದುಡ್ಡಿನವರಲ್ಲ ಎನ್ನುವುದನ್ನೂ ಹೇಳಬೇಕು. ಸಿಟಿ ಸ್ಪ್ಲಾಶ್‌ನಲ್ಲಿ ನಡೆಯುವುದು ಕೆರಿಬಿಯನ್ ಮತ್ತು ಆಫ್ರಿಕನ್ ಸಂಗೀತ. 1948ರಿಂದ ಬ್ರಿಕ್ಸ್‌ಟನ್ನಿನಲ್ಲಿ ನೆಲೆ ಕಂಡ ಕೆರಿಬಿಯನ್ ಕುಟುಂಬಗಳ ಮೊಮ್ಮಕ್ಕಳಿಗೆ ಅದು ತಮ್ಮದೇ ಬೀದಿಯ ಹಬ್ಬ. ಮೈಟಿ ಹೂಪ್ಲಾ ಸಲಿಂಗಿ ಮತ್ತು ಲಿಂಗತ್ವ ಅಲ್ಪಸಂಖ್ಯಾತರು ನಿರಾಳವಾಗಿ ಸೇರುವ ಜಾಗ. ಇವರ ಕಣ್ಣಿಗೆ ವಿರೋಧಿಗಳು ಪಾರ್ಕಿನ ಅಂಚಿನ ದುಬಾರಿ ಮನೆಗಳಲ್ಲಿ ಇರುವ, ವಯಸ್ಸಾದ, ಸದ್ದು ಸಹಿಸದ ಜನ. ಪ್ರಸಿದ್ಧ ನಟ ಮಾರ್ಕ್ ರೈಲನ್ಸ್ ವಿರೋಧಿಗಳ ಜೊತೆ ನಿಂತಿದ್ದು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಅದರಿಂದ ಹೋರಾಟಕ್ಕೆ ಹೆಸರೂ ಬಂತು, ಈ ಆರೋಪಕ್ಕೆ ಬಲವೂ ಬಂತು. ಆದರೆ ಗೋಡೆಯಿಂದ ಹೆಚ್ಚು ತೊಂದರೆಯಾಗುವುದು ಸ್ವಂತ ತೋಟವಿಲ್ಲದ ಫ್ಲಾಟಿನವರಿಗೆ. ಅಂಚಿನ ದೊಡ್ಡ ಮನೆಯವರು ಆ ವಾರ ಊರು ಬಿಟ್ಟು ಹೋಗಬಹುದು.

ಮೂರು ಬಾಗಿಲು

ನಿವಾಸಿಗಳಿಗೆ ಕಾನೂನಿನಲ್ಲಿ ಮೂರು ಬಾಗಿಲುಗಳಿದ್ದವು.

ಒಂದು, ಲೈಸೆನ್ಸ್. 2003ರ ಲೈಸೆನ್ಸಿಂಗ್ ಕಾಯಿದೆಯಲ್ಲಿ ನೋಡುವುದು ನಾಲ್ಕೇ ವಿಷಯ: ಅಪರಾಧ ತಡೆ, ಸಾರ್ವಜನಿಕರ ಸುರಕ್ಷತೆ, ಸಾರ್ವಜನಿಕ ಕಿರಿಕಿರಿ ತಡೆ, ಮಕ್ಕಳಿಗೆ ಹಾನಿಯಾಗದಂತೆ ನೋಡುವುದು. ಅಲ್ಲಿ ಹೋಗಿ ಹುಲ್ಲು, ಓಕ್ ಮರ, ಬಾವಲಿ ಎಂದರೆ ಕೇಳುವವರಿಲ್ಲ.

ಎರಡು, ಪಾರ್ಕಿಗೆ ಬೇಲಿ ಹಾಕುವ ಅಧಿಕಾರವೇ ನಿಮಗಿಲ್ಲ ಎಂದು ವಾದಿಸುವುದು. ಈ ಬಾಗಿಲನ್ನು ಉತ್ತರ ಲಂಡನ್ನಿನ ಫಿನ್ಸ್‌ಬರಿ ಪಾರ್ಕಿನವರು ಮೊದಲೇ ತಟ್ಟಿದ್ದರು. ಅಲ್ಲಿ ವೈರ್‌ಲೆಸ್ ಉತ್ಸವದ ವಿರುದ್ಧ ಪಾರ್ಕಿನ ಗೆಳೆಯರ ಬಳಗ ಹ್ಯಾರಿಂಗೇ ಕೌನ್ಸಿಲ್ ಮೇಲೆ ಕೇಸ್ ಹಾಕಿತು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. 1972ರ ಸ್ಥಳೀಯ ಸರ್ಕಾರ ಕಾಯಿದೆಯ 145ನೇ ಸೆಕ್ಷನ್ ಪ್ರಕಾರ ಮನರಂಜನೆಗಾಗಿ ಪಾರ್ಕಿನ ಒಂದು ಭಾಗವನ್ನು ಮುಚ್ಚುವ ಅಧಿಕಾರ ಕೌನ್ಸಿಲ್ಲಿಗೆ ಇದೆ ಎಂದಿತು. ಆ ಬಾಗಿಲು ಮುಚ್ಚಿತು.

ಉಳಿದದ್ದು ಪ್ಲಾನಿಂಗ್. ಇಲ್ಲಿ ಮಾತ್ರ ಪರಿಸರ, ಚಾರಿತ್ರಿಕ ಮೌಲ್ಯ, ಬಯಲು ಜಾಗದ ರಕ್ಷಣೆ ಎಲ್ಲವನ್ನೂ ತೂಗಿ ನೋಡಲೇಬೇಕು, ಜನರ ಆಕ್ಷೇಪಣೆ ಕೇಳಲೇಬೇಕು. ಆದರೆ ಅದಕ್ಕೊಂದು ವಿನಾಯಿತಿ ಇದೆ. 2015ರ ಪ್ಲಾನಿಂಗ್ ಆದೇಶದ ಪ್ರಕಾರ ಯಾವುದೇ ಬಯಲು ಜಾಗವನ್ನು ಒಂದು ಕ್ಯಾಲೆಂಡರ್ ವರ್ಷದಲ್ಲಿ ಒಟ್ಟು 28 ದಿನದವರೆಗೆ ಬೇರೆ ಕೆಲಸಕ್ಕೆ ತಾತ್ಕಾಲಿಕವಾಗಿ ಬಳಸಬಹುದು. ಅಷ್ಟಕ್ಕೆ ಅನುಮತಿಯ ಅರ್ಜಿಯೇ ಬೇಡ. ಕೊರೊನಾ ಕಾಲದಲ್ಲಿ ಇದನ್ನು 56ಕ್ಕೆ ಏರಿಸಿದ್ದರು, ಆಮೇಲೆ ಮತ್ತೆ 28ಕ್ಕೆ ಇಳಿಯಿತು.

ಲ್ಯಾಂಬೆತ್ ಕೌನ್ಸಿಲ್ ನೆಚ್ಚಿಕೊಂಡಿದ್ದು ಈ ವಿನಾಯಿತಿಯನ್ನು. ಉದ್ದೇಶಿತ ಬಳಕೆ ಕಾನೂನುಬದ್ಧವಾಗಿದೆ ಎಂಬ ಪ್ರಮಾಣಪತ್ರವನ್ನು ಅದು ಆಯೋಜಕರಿಗೆ ಕೊಟ್ಟಿತು. ಇಂಥ ಪ್ರಮಾಣಪತ್ರ ಕೊಡುವ ಮುಂಚೆ ಜನರ ಅಭಿಪ್ರಾಯ ಕೇಳಬೇಕೆಂಬ ನಿಯಮ ಇಲ್ಲ. ಕಾಗದದ ಮೇಲಿನ ಪ್ರಶ್ನೆ ಒಂದೇ: 28ರ ಒಳಗೆ ಇದೆಯಾ, ಇಲ್ಲವಾ?

ನಿವಾಸಿಗಳ ವಕೀಲರು ಆ ಒಂದೇ ಪ್ರಶ್ನೆಯನ್ನು ಹಿಡಿದರು. ಕಟ್ಟುವುದು, ನಡೆಸುವುದು, ಬಿಚ್ಚುವುದು ಎಲ್ಲ ಸೇರಿದರೆ 37 ದಿನ ಎಂದರು. ನ್ಯಾಯಮೂರ್ತಿ ಮೋಲ್ಡ್ ಅದನ್ನು ಒಪ್ಪಿದರು. 28ರ ಮಿತಿಯೊಳಗೆ ಇದೆ ಎಂಬ ಕೌನ್ಸಿಲ್ಲಿನ ತೀರ್ಮಾನ ತರ್ಕಕ್ಕೆ ನಿಲ್ಲುವುದಿಲ್ಲ ಎಂದು ಪ್ರಮಾಣಪತ್ರ ರದ್ದು ಮಾಡಿದರು. ಶಬ್ದ ಜಾಸ್ತಿಯೇ, ಹುಲ್ಲು ಹಾಳಾಯಿತೇ, ಪಾರ್ಕಿನಲ್ಲಿ ಉತ್ಸವ ಇರಬೇಕೇ ಎನ್ನುವ ಯಾವ ಪ್ರಶ್ನೆಗೂ ಕೋರ್ಟ್ ಉತ್ತರ ಕೊಟ್ಟಿಲ್ಲ. ಅದು ಅದರ ಕೆಲಸವೂ ಆಗಿರಲಿಲ್ಲ.

ಗೆದ್ದ ಮೇಲೆ

ತೀರ್ಪು ಬಂದಾಗ ಗೋಡೆ ಎದ್ದು ನಿಂತಾಗಿತ್ತು. ಉತ್ಸವಗಳು ರದ್ದಾಗುವುದಿಲ್ಲ ಎಂದು ಆಯೋಜಕರು ಹೇಳಿದರು. ಹೊಸ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರು. ಈ ಸಲ ಅರ್ಜಿಯಲ್ಲಿದ್ದ ಲೆಕ್ಕ 24 ದಿನ.

ಇಲ್ಲಿ ಬಹಳ ಜನ ಸಿಟ್ಟಾದರು. ಕೋರ್ಟ್ ರದ್ದು ಮಾಡಿದ್ದು ಹೇಗೆ ನಡೆಯುತ್ತದೆ ಎಂದು ಕೇಳಿದರು. ಕಾನೂನಿನ ಉತ್ತರ ಸರಳ, ಆದರೆ ಸಮಾಧಾನ ಕೊಡುವಂಥದ್ದಲ್ಲ. ಪ್ರಮಾಣಪತ್ರ ರದ್ದಾದರೆ ಹೋಗುವುದು ಬಳಕೆ ಕಾನೂನುಬದ್ಧ ಎಂಬುದರ ಪುರಾವೆ. ಅದರಿಂದ ಉತ್ಸವಕ್ಕೆ ತಡೆ ಬಿದ್ದ ಹಾಗಾಗುವುದಿಲ್ಲ. ತಡೆ ಬೇಕಾದರೆ ಪ್ರತ್ಯೇಕವಾಗಿ ತಡೆಯಾಜ್ಞೆ ಕೇಳಬೇಕು. ಪ್ಲಾನಿಂಗ್ ಅನುಮತಿ ಇಲ್ಲದೆ ಜಾಗ ಬಳಸುವುದು ಇಂಗ್ಲೆಂಡಿನಲ್ಲಿ ತನ್ನಷ್ಟಕ್ಕೆ ಅಪರಾಧವೂ ಅಲ್ಲ. ನೋಟಿಸ್ ಕೊಟ್ಟು, ಅದನ್ನೂ ಮೀರಿದರೆ ಅಪರಾಧ. ನೋಟಿಸ್ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು? ಮತ್ತೆ ಅದೇ ಕೌನ್ಸಿಲ್.

ಅದೇ ವಾರ ವೈಡ್ ಅವೇಕ್‌ನ ಮುಖ್ಯ ತಂಡವಾದ, ಉತ್ತರ ಐರ್ಲೆಂಡಿನ ರ್‍ಯಾಪ್ ತಂಡ ನೀಕ್ಯಾಪ್‌ನ ಒಬ್ಬ ಸದಸ್ಯನ ಮೇಲೆ ಭಯೋತ್ಪಾದನೆ ಕಾಯಿದೆಯಡಿ ಆರೋಪ ದಾಖಲಾಯಿತು. ಕ್ಯಾಮೆರಾಗಳೆಲ್ಲ ಆ ಕಡೆ ತಿರುಗಿದವು. 28, 37, 24ರ ಒಣ ಲೆಕ್ಕ ಯಾರಿಗೆ ಬೇಕು?

ನನ್ನ ಅಭಿಪ್ರಾಯದಲ್ಲಿ ಲೆಕ್ಕ ಒಣಗಿದ್ದರೂ ತೀರ್ಪಿನ ಬೆಲೆ ಇರುವುದು ಅಲ್ಲೇ. 28 ದಿನದ ವಿನಾಯಿತಿ ಸಣ್ಣ ಮೇಳ, ಹಳ್ಳಿ ಜಾತ್ರೆಯಂಥ ಬಳಕೆಗೆ ಸರಿ. ವರ್ಷ ವರ್ಷವೂ ಅದೇ ಜಾಗದಲ್ಲಿ, ಅದೇ ತಿಂಗಳಲ್ಲಿ ಬರುವ ಸಾಲು ಉತ್ಸವಕ್ಕೆ ತಾತ್ಕಾಲಿಕ ಎಂಬ ಹಣೆಪಟ್ಟಿ ಒಪ್ಪುವುದಿಲ್ಲ. ಪೂರ್ತಿ ಪ್ಲಾನಿಂಗ್ ಅರ್ಜಿ ಹಾಕಿದರೆ ಉತ್ಸವ ನಿಂತೇ ಹೋಗುತ್ತದೆ ಎಂದೇನಿಲ್ಲ, ಅನುಮತಿ ಸಿಗಲೂಬಹುದು. ಆದರೆ ಮರದ ಬೇರಿನ ವರದಿ ಮೇಜಿನ ಮೇಲೆ ಬರಬೇಕಾಗುತ್ತದೆ, ರಜೆಯ ವಾರ ಯಾಕೆ ಎಂಬ ಪ್ರಶ್ನೆಗೆ ಬರಹದಲ್ಲಿ ಉತ್ತರ ಕೊಡಬೇಕಾಗುತ್ತದೆ. ಆಯೋಜಕರಿಗೂ ಇದರಲ್ಲಿ ಲಾಭವಿದೆ. ಟಿಕೆಟ್ ಮಾರಿ ಆದ ಮೇಲೆ, ಸ್ಟೇಜ್ ಕಟ್ಟುವ ಹೊತ್ತಿಗೆ ಕೋರ್ಟಿನ ತೀರ್ಪಿಗೆ ಕಾಯುವ ಪಾಡು ತಪ್ಪುತ್ತದೆ.

ಇಂಥದ್ದೇ ತಕರಾರು ಇರುವ ಬೇರೆ ಪಾರ್ಕಿನವರು ಈ ಪ್ರಕರಣದಿಂದ ತೆಗೆದುಕೊಳ್ಳಬಹುದಾದದ್ದು ಒಂದು ಕೆಲಸದ ಕ್ರಮ. ಗದ್ದಲದ ದೂರಿನಿಂದ ಶುರು ಮಾಡಬೇಡಿ, ವೇಳಾಪಟ್ಟಿಯಿಂದ ಶುರು ಮಾಡಿ. ಮೊದಲ ಗಾಡಿ ಯಾವಾಗ ಒಳಗೆ ಬರುತ್ತದೆ, ಬೇಲಿ ಯಾವ ದಿನ ಏಳುತ್ತದೆ ಎಂದು ಕೇಳಿ. ಶಬ್ದ ಅಳೆಯುವ ಜಾಗಗಳ ನಕ್ಷೆ ಕೇಳಿ, ಬೇಸ್ ಪಟ್ಟಿಯ ಅಳತೆ ಬೇರೆಯಾಗಿ ಇದೆಯಾ ಎಂದು ವಿಚಾರಿಸಿ. ಪಾರ್ಕಿಗೆಂದು ತೆಗೆದುಕೊಂಡ ಶುಲ್ಕ ಯಾವ ಕೆಲಸಕ್ಕೆ ಹೋಯಿತು ಎಂಬ ವಿವರ ಕೇಳಿ. ಬೇಲಿ ಎದ್ದ ದಿನ, ಬಿದ್ದ ದಿನ ಎರಡನ್ನೂ ದಿನಾಂಕ ಸಮೇತ ಫೋಟೊ ತೆಗೆದಿಡಿ. ಕಡೆಯ ಟ್ರಕ್ ಹೊರಟ ದಿನ ಒಂದು, ಹಾಳಾದ ಹುಲ್ಲಿನ ಸುತ್ತ ಹಾಕಿದ ಬೇಲಿ ತೆಗೆದು ಜನರನ್ನು ಒಳಗೆ ಬಿಟ್ಟ ದಿನ ಇನ್ನೊಂದು. ಇವೆರಡೂ ಕೌನ್ಸಿಲ್ಲಿನ ದಾಖಲೆಯಲ್ಲಿ ಬೇರೆ ಬೇರೆಯಾಗಿ ಇರುವಂತೆ ಬರೆಸಿಕೊಳ್ಳಿ.